ಟ್ಯೂಷನ್ ಬದಲಿಸುವ ಮುಂಚೆ ಅವನ ರಫ್ ಬುಕ್ ನೋಡಿ

ಪ್ರಶ್ನೆ: ನಮ್ಮದು ತಿಪಟೂರು. ಮಗ ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾಲ್ಕನೇ ಕ್ಲಾಸಿನಿಂದಲೂ ಟ್ಯೂಷನ್‌ಗೆ ಹೋಗುತ್ತಿದ್ದಾನೆ. ವಾರಕ್ಕೆ ಆರು ದಿನ, ಸಂಜೆ ಐದೂವರೆಯಿಂದ ಎಂಟರವರೆಗೆ. ಎಲ್ಲ ಸಬ್ಜೆಕ್ಟನ್ನೂ ಒಬ್ಬರೇ ಸರ್ ಮಾಡುತ್ತಾರೆ. ಐದನೇ ಕ್ಲಾಸಿನವರಿಂದ ಹತ್ತನೇ ಕ್ಲಾಸಿನವರವರೆಗೆ ಒಟ್ಟು 22 ಮಕ್ಕಳು. ಹೋಂವರ್ಕ್ ಎಲ್ಲ ಅಲ್ಲೇ ಮುಗಿಯುತ್ತದೆ, ನೋಟ್‌ಬುಕ್ ನೀಟಾಗಿರುತ್ತದೆ. ಆದರೂ ಗಣಿತದಲ್ಲಿ ನೂರಕ್ಕೆ ನಲವತ್ತು ದಾಟುತ್ತಿಲ್ಲ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಮನೆಗೆ ಬರುವಾಗ ರಾತ್ರಿ ಒಂಬತ್ತು. ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಕನ್ನಡ ಮೀಡಿಯಂನಲ್ಲಿ ಪಿಯುಸಿವರೆಗೆ ಓದಿದ್ದೇನೆ, ಅವನ ಪುಸ್ತಕ ನನಗೆ ಅರ್ಥ ಆಗುವುದಿಲ್ಲ. ಹೊಸದಾಗಿ ಬಂದಿರುವ ಒಂದು ಕೋಚಿಂಗ್ ಸೆಂಟರ್‌ನ ಫೌಂಡೇಶನ್ ಕೋರ್ಸ್‌ಗೆ ಸೇರಿಸಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ವರ್ಷಕ್ಕೆ ನಲವತ್ತೈದು ಸಾವಿರವಂತೆ. ಟ್ಯೂಷನ್ ಬದಲಿಸಲೋ, ಪೂರ್ತಿ ಬಿಡಿಸಲೋ? ಟ್ಯೂಷನ್‌ನಿಂದ ಮಕ್ಕಳು ನಿಜವಾಗಲೂ ಕಲಿಯುತ್ತಾರಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಫೌಂಡೇಶನ್ ಕೋರ್ಸ್‌ಗೆ ಸೇರಿಸಬೇಡಿ. ಈಗಿನ ಟ್ಯೂಷನ್ನನ್ನು ನಾಳೆಯೇ ಬಿಡಿಸಲೂ ಬೇಡಿ. ಒಂದು ವಾರ ತೆಗೆದುಕೊಂಡು, ಅವನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ಪತ್ತೆ ಮಾಡಿ. ಅದು ಗೊತ್ತಾದರೆ ಯಾರ ಹತ್ತಿರ, ವಾರಕ್ಕೆ ಎಷ್ಟು ದಿನ, ಯಾವ ಸಬ್ಜೆಕ್ಟ್ ಅನ್ನುವುದು ಅರ್ಧ ತೀರ್ಮಾನವಾದಂತೆಯೇ.

ನಾನು ಇಪ್ಪತ್ತೆಂಟು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ನಾಲ್ಕೈದು ಮಕ್ಕಳು ಬಂದು ಕೂರುತ್ತಾರೆ. ನಿಮ್ಮ ಮಗನಂಥವರನ್ನು ತುಂಬಾ ನೋಡಿದ್ದೇನೆ. ಅವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ದಿನಕ್ಕೆ ಎಂಟು ಗಂಟೆ ಪಾಠದ ಮುಂದೆ ಕೂತು ಬಂದಿರುತ್ತಾರೆ. ಆದರೆ ನಾಲ್ಕನೇ ಕ್ಲಾಸಿನಲ್ಲೋ ಐದನೇ ಕ್ಲಾಸಿನಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಅದನ್ನು ಯಾರೂ ನೋಡಿರುವುದಿಲ್ಲ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅವನೂ ಎಂಟನೇ ಕ್ಲಾಸು. ಬಂದ ಮೊದಲ ದಿನ ನೋಟ್‌ಬುಕ್ ತೋರಿಸಿದ. ನಿತ್ಯಸಮೀಕರಣಗಳ ಲೆಕ್ಕ ಪುಟಗಟ್ಟಲೆ ಇತ್ತು. ಅಂಚಿಗೆ ಗೆರೆ, ಮುತ್ತಿನಂಥ ಅಕ್ಷರ, ಪ್ರತಿ ಲೆಕ್ಕಕ್ಕೂ ಕೆಂಪು ಟಿಕ್. ಅದನ್ನು ಪಕ್ಕಕ್ಕಿಟ್ಟು ಒಂದು ಖಾಲಿ ಹಾಳೆ ಕೊಟ್ಟೆ. 612 ಅನ್ನು 6ರಿಂದ ಭಾಗಿಸು ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು ಅನ್ನಿಸುತ್ತದೆ, ಎಂಟನೇ ಕ್ಲಾಸಿನವನಿಗೆ ಇಂಥ ಲೆಕ್ಕವಾ ಅಂತ. ಸರಸರ ಬರೆದ. ಆರೊಂದ್ಲೆ ಆರು. ಒಂದನ್ನು ಕೆಳಗಿಳಿಸಿದ. ಒಂದರಲ್ಲಿ ಆರು ಹೋಗಲ್ಲ. ಎರಡನ್ನೂ ಇಳಿಸಿದ, ಹನ್ನೆರಡಾಯಿತು. ಆರೆರಡ್ಲೆ ಹನ್ನೆರಡು. ಉತ್ತರ 12.

ತಪ್ಪು ಅಂತ ನಾನು ಹೇಳಲಿಲ್ಲ. "ಆರು ಜನ ಕೂಲಿಯವರು. 612 ರೂಪಾಯಿ ಹಂಚಬೇಕು. ಒಬ್ಬೊಬ್ಬರಿಗೆ ಎಷ್ಟು ಬರುತ್ತೆ?" ಅಂತ ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ "ನೂರೆರಡು ಸರ್" ಅಂದ. ಆಮೇಲೆ ಹಾಳೆ ನೋಡಿದ. ನನ್ನ ಮುಖ ನೋಡಿದ. ಮತ್ತೆ ಹಾಳೆ ನೋಡಿದ. ಅರ್ಧ ನಿಮಿಷ ಜಗಲಿಯಲ್ಲಿ ಮಾತಿಲ್ಲ. ನನಗೆ ಹೇಳಿಬಿಡಬೇಕು ಅನ್ನಿಸುತ್ತಿತ್ತು, ತಡೆದುಕೊಂಡೆ. ಕೊನೆಗೆ ಪೆನ್ಸಿಲ್ ತುದಿಯಿಂದ ಒಂದು ಮತ್ತು ಎರಡರ ನಡುವೆ ಕುಟ್ಟಿದ. "ಇಲ್ಲಿ ಒಂದು ಸೊನ್ನೆ ಬಿಟ್ಟಿದ್ದೀನಿ ಸರ್. ಹೋಗಲ್ಲ ಅಂದ್ರೆ ಸೊನ್ನೆ ಸಲ ಹೋಯ್ತು ಅಂತ ಅಲ್ವಾ?"

ಆ ಹುಡುಗ ನಾಲ್ಕು ವರ್ಷದಿಂದ ಆ ಸೊನ್ನೆ ಬಿಡುತ್ತಿದ್ದ. ಆ ನಾಲ್ಕು ವರ್ಷದಲ್ಲಿ ಮೂರು ಟ್ಯೂಷನ್ ಬದಲಾಗಿತ್ತು. ಎಲ್ಲ ಕಡೆಯೂ ಆಯಾ ಕ್ಲಾಸಿನ ಪಾಠವನ್ನೇ ಮಾಡಿದ್ದರು. ಭಾಗಾಕಾರದ ತಪ್ಪು ರಫ್ ಬುಕ್‌ನಲ್ಲಿ ಆಗುತ್ತಿತ್ತು. ನೋಟ್‌ಬುಕ್‌ಗೆ ಬರುವಾಗ ಬೋರ್ಡ್ ನೋಡಿ ಸರಿ ಉತ್ತರ ಬರೆದುಕೊಳ್ಳುತ್ತಿದ್ದ. ಟಿಕ್ ಬೀಳುತ್ತಿತ್ತು. ನೀವು ನೋಟ್‌ಬುಕ್ ನೀಟಾಗಿದೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನಗೆ ನೆನಪಾದವನು ಈ ಹುಡುಗ.

ನೀವು ಮೊದಲು ಮಾಡಬೇಕಾದ್ದು ಇಷ್ಟು. ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಅವನಿಗೆ ಖಾಲಿ ಹಾಳೆ ಕೊಡಿ. ಹತ್ತು ಲೆಕ್ಕ ಸಾಕು. ಒಂದು ದಶಕ ತೆಗೆದುಕೊಳ್ಳುವ ವ್ಯವಕಲನ, 503ರಲ್ಲಿ 178 ಕಳೆಯುವಂಥದ್ದು. ಎರಡು ಭಾಗಾಕಾರ, ಒಂದರಲ್ಲಾದರೂ ಮಧ್ಯೆ ಸೊನ್ನೆ ಬರಲಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವುದು. ಮುಕ್ಕಾಲು ದೊಡ್ಡದಾ, ಐದರಲ್ಲಿ ಮೂರು ಭಾಗ ದೊಡ್ಡದಾ ಅಂತ ಒಂದು. 0.5 ಮತ್ತು 0.35ರಲ್ಲಿ ದೊಡ್ಡದು ಯಾವುದು ಅಂತ ಇನ್ನೊಂದು. ಮೈನಸ್ ಮೂರಕ್ಕೆ ಐದು ಕೂಡಿಸುವುದು, ಮೈನಸ್ ಮೂರರಿಂದ ಐದು ಕಳೆಯುವುದು. ನೂರಿಪ್ಪತ್ತು ರೂಪಾಯಿಗೆ ಶೇಕಡಾ ಹತ್ತು ರಿಯಾಯಿತಿ ಎಷ್ಟು ಅಂತ ಒಂದು. ಕೊನೆಯದು ಈ ವಾರ ಟ್ಯೂಷನ್‌ನಲ್ಲಿ ಮಾಡಿದ ಯಾವುದಾದರೂ ಒಂದು ಲೆಕ್ಕ, ಹಳೆಯದನ್ನು ನೋಡದೆ. ಇದು ಪರೀಕ್ಷೆ ಅಲ್ಲ ಅಂತ ಮೊದಲೇ ಹೇಳಿ. ಟೈಮ್ ಇಡಬೇಡಿ. ಉತ್ತರ ನಿಮ್ಮ ಯಜಮಾನರು ನೋಡಲಿ. ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಇದು ಕಷ್ಟವೇನಲ್ಲ.

ಅರ್ಧ ಮತ್ತು ಮೂರನೇ ಒಂದು ಸೇರಿದರೆ ಐದರಲ್ಲಿ ಎರಡು ಅಂತ ಬರೆದರೆ ಗಾಬರಿಯಾಗಬೇಡಿ, ತುಂಬಾ ಮಕ್ಕಳು ಹಾಗೇ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ಆದರೆ ಈ ತಪ್ಪು ಉಳಿದುಕೊಂಡರೆ ಎಂಟನೇ ಕ್ಲಾಸಿನ ಭಾಗಲಬ್ಧ ಸಂಖ್ಯೆಗಳ ಪಾಠ ತಲೆಗೆ ಹೋಗಲು ಸಾಧ್ಯವೇ ಇಲ್ಲ. ಅದು ಹೋಗದಿದ್ದರೆ ಸಮೀಕರಣ ಹೋಗುವುದಿಲ್ಲ. ಆಮೇಲೆ ಹುಡುಗನಿಗೆ ಗಣಿತ ಬರಲ್ಲ ಅಂತ ಹೆಸರು ಬೀಳುತ್ತದೆ. ಬಾರದ್ದು ಒಂದು ಸಣ್ಣ ವಿಷಯ, ಹೆಸರು ಮಾತ್ರ ಇಡೀ ಗಣಿತದ್ದು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಟ್ಯೂಷನ್‌ನಿಂದ ಕಲಿಯುತ್ತಾರಾ?

ಕಲಿಯುತ್ತಾರೆ. ಶಿಕ್ಷಣದಲ್ಲಿ ಪದೇ ಪದೇ ಪರೀಕ್ಷಿಸಿ ನೋಡಿರುವ ಸಂಗತಿಗಳಲ್ಲಿ ಇದೂ ಒಂದು. ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಂದು ಲೇಖನ ಬರೆದರು. ಒಬ್ಬರಿಗೆ ಒಬ್ಬರಂತೆ ಕೂತು ಹೇಳಿಕೊಟ್ಟರೆ, ಸಾಧಾರಣ ಮಗು ಕೂಡ ಮಾಮೂಲಿ ಕ್ಲಾಸಿನ ನೂರರಲ್ಲಿ 98 ಮಕ್ಕಳನ್ನು ಹಿಂದೆ ಹಾಕುತ್ತದೆ ಅಂದರು. ಆ ಮಾತನ್ನು ಇವತ್ತಿಗೂ ಟ್ಯೂಷನ್ ಜಾಹೀರಾತುಗಳಲ್ಲಿ ಎಳೆದು ತರುತ್ತಾರೆ. ಆದರೆ ಆ ಪ್ರಯೋಗಗಳು ಕೆಲವೇ ವಾರ ನಡೆದಿದ್ದವು. ಪ್ರತಿ ಹಂತದಲ್ಲೂ ಮಗುವಿಗೆ ಬಂತಾ ಇಲ್ಲವಾ ಎಂದು ಪರೀಕ್ಷಿಸಿ, ಬಾರದಿದ್ದರೆ ಸರಿಪಡಿಸಿಯೇ ಮುಂದೆ ಹೋಗುತ್ತಿದ್ದರು. 2020ರಲ್ಲಿ ಮೂವರು ಸಂಶೋಧಕರು ಇಂಥ 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ನೂರು ಮಕ್ಕಳ ಸಾಲಿನಲ್ಲಿ ಸರಿಯಾಗಿ ಮಧ್ಯದಲ್ಲಿದ್ದ ಮಗು ಹದಿನಾಲ್ಕು ಸ್ಥಾನ ಮುಂದೆ ಬರುತ್ತದೆ, ಹೆಚ್ಚುಕಡಿಮೆ ಅಷ್ಟು. ಇದೇನು ಕಡಿಮೆಯಲ್ಲ. ಆದರೆ ಆ 96ರಲ್ಲಿ ಹೆಚ್ಚಿನವು ಒಬ್ಬರೋ ಮೂರ್ನಾಲ್ಕು ಮಕ್ಕಳೋ ಇರುವ ಟ್ಯೂಷನ್. ನಾವು ಟ್ಯೂಷನ್ ಅಂತ ಕರೆಯುವುದು ಬೇರೆಯೇ.

ನಿಮ್ಮ ಮಗನ ಟ್ಯೂಷನ್ನನ್ನೇ ತೆಗೆದುಕೊಳ್ಳಿ. ಎರಡೂವರೆ ಗಂಟೆ ಅಂದರೆ 150 ನಿಮಿಷ. 22 ಮಕ್ಕಳು. ಆ ಸರ್ ನೀರು ಕುಡಿಯಲೂ ಏಳದೆ ಎಲ್ಲರಿಗೂ ಸಮನಾಗಿ ಹಂಚಿದರೂ ಒಬ್ಬರಿಗೆ ಏಳು ನಿಮಿಷ ಸಿಗುವುದಿಲ್ಲ. ಅದರಲ್ಲೇ ಎಲ್ಲ ಸಬ್ಜೆಕ್ಟೂ ಆಗಬೇಕು, ಹೋಂವರ್ಕ್ ಮುಗಿಯಬೇಕು. ಇದು ಅವರನ್ನು ದೂರುವ ಮಾತಲ್ಲ. ಆರು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ನಿಭಾಯಿಸುವುದು ಎಂಥ ಕಷ್ಟ ಅಂತ ನನಗೆ ಗೊತ್ತು. ಆದರೆ ಅಲ್ಲಿ ನಡೆಯುತ್ತಿರುವುದು ಎರಡನೇ ಶಾಲೆ. ಬೆಳಿಗ್ಗೆ ಅರ್ಥವಾಗದ್ದನ್ನು ಸಂಜೆ ಅದೇ ರೀತಿಯಲ್ಲಿ ಮತ್ತೊಮ್ಮೆ ಕೇಳಿಸಿಕೊಂಡು ಬರುತ್ತಾನೆ.

ಒಬ್ಬರೇ ಕೂತು ಹೇಳಿಕೊಟ್ಟಾಗ ಏನು ಬೇರೆಯಾಗುತ್ತದೆ? ಮೇಷ್ಟ್ರು ಚೆನ್ನಾಗಿ ವಿವರಿಸುತ್ತಾರೆ, ಅದಕ್ಕೇ ಮಕ್ಕಳಿಗೆ ಅರ್ಥವಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದೆ. 1994ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಂದು ವಿಷಯ ಸಿಗುತ್ತದೆ. ಕ್ಲಾಸಿನಲ್ಲಿ ಒಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆಗಳಿಗಿಂತ ಒಬ್ಬರೇ ಹೇಳಿಸಿಕೊಳ್ಳುವಾಗ ಕೇಳುವ ಪ್ರಶ್ನೆಗಳು ಸುಮಾರು 240 ಪಟ್ಟು ಜಾಸ್ತಿ. ಕ್ಲಾಸಿನಲ್ಲಿ ಗಂಟೆಗಟ್ಟಲೆ ಕೂತರೂ ಮಗು ಒಂದು ಡೌಟ್ ಕೇಳಿರುವುದಿಲ್ಲ. ಕೇಳಿದರೆ ಎಲ್ಲರೂ ನಗುತ್ತಾರೆ ಅನ್ನುವ ಭಯ.

2001ರಲ್ಲಿ ಮಿಷೆಲಿನ್ ಚಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೇಳಿಕೊಡುವವರಿಗೆ, ನೀವು ಏನನ್ನೂ ವಿವರಿಸಬಾರದು, ಉತ್ತರ ಸರಿಯೋ ತಪ್ಪೋ ಅಂತಲೂ ಹೇಳಬಾರದು ಎಂದರು. "ಯಾಕೆ ಹಾಗೆ?", "ಇನ್ನೇನು ಹೊಳೆಯುತ್ತೆ?", "ನಿನ್ನ ಮಾತಲ್ಲಿ ಹೇಳು" ಎಂಬಂಥ ಮಾತು ಮಾತ್ರ ಆಡಬಹುದಿತ್ತು. ಮಕ್ಕಳು ಕಲಿತದ್ದು ಕಡಿಮೆಯಾಗಲಿಲ್ಲ. ವಿವರಣೆ ಕೇಳಿದ ಮಕ್ಕಳಷ್ಟೇ ಇವರೂ ಕಲಿತರು. ಇದನ್ನು ಓದಿದಾಗ ನನಗೆ ನನ್ನ ಮೊದಲ ವರ್ಷಗಳು ನೆನಪಾಗಿ ಸಂಕಟವಾಯಿತು. ಮಗು ತಡವರಿಸಿದ ಕೂಡಲೇ ಅದರ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ನಾನೇ ಮಾಡಿಬಿಡುತ್ತಿದ್ದೆ. ಮಗು ತಲೆ ಆಡಿಸುತ್ತಿತ್ತು. ನನಗೆ ಕಲಿಸಿದ ತೃಪ್ತಿ. ಮಗು ಮನೆಗೆ ಹೋಗಿ ಅದೇ ಲೆಕ್ಕ ತಪ್ಪು ಮಾಡುತ್ತಿತ್ತು.

ಇನ್ನೊಂದು ಹಳೆಯ ಪ್ರಯೋಗ ಇದೆ, ಅದು ನನಗೆ ತುಂಬಾ ಇಷ್ಟ. 1976ರದ್ದು. ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಮಾಡಿದ್ದು. ಮೂರರಿಂದ ಐದು ವರ್ಷದ ಮೂವತ್ತು ಮಕ್ಕಳಿಗೆ 21 ಮರದ ತುಂಡು ಕೊಟ್ಟರು. ಒಂದಕ್ಕೊಂದು ಸಿಕ್ಕಿಸಿ ಗೋಪುರ ಕಟ್ಟಬೇಕು. ಪಕ್ಕದಲ್ಲಿ ಕೂತವರು ಆದಷ್ಟೂ ಮಗುವಿನ ಕೈಯಿಂದಲೇ ಮಾಡಿಸಬೇಕು. ಮೊದಲು ಮಾತಿನ ಸುಳಿವು. ಅದರಿಂದ ಆಗದಿದ್ದರೆ ಮಾತ್ರ ಕೈಯಲ್ಲಿ ಮಾಡಿ ತೋರಿಸುವುದು. ಆಮೇಲೆ ಬಂದ ಕೆಲಸಗಳಲ್ಲಿ ಇದು ಒಂದು ಸೂತ್ರದಂತೆ ಆಯಿತು: ಮಗು ಸೋತರೆ ಸಹಾಯ ಸ್ವಲ್ಪ ಹೆಚ್ಚಿಸು, ಗೆದ್ದರೆ ಕೂಡಲೇ ಕಡಿಮೆ ಮಾಡು. ಸೈಕಲ್ ಕಲಿಸುವಾಗ ಸೀಟು ಹಿಡಿದ ಕೈಯನ್ನು ಮಗುವಿಗೆ ಗೊತ್ತಾಗದ ಹಾಗೆ ಬಿಡುತ್ತೇವಲ್ಲ, ಹಾಗೆ. ಹೇಳುವುದು ಸುಲಭ. ಎದುರಿಗೆ ಕೂತ ಒಂದು ಮಗುವನ್ನು ಕಣ್ಣಿಟ್ಟು ನೋಡುತ್ತಿದ್ದರೆ ಮಾತ್ರ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ಗೊತ್ತಾಗುವುದು. ನಮ್ಮ ಜಗಲಿಯ ಆ ಅರ್ಧ ನಿಮಿಷ ಬಿಟ್ಟ ಕೈಯಾಗಿತ್ತು.

ಹಾಗಾದರೆ ತುಂಬಾ ಓದಿದವರು, ದುಬಾರಿ ಮೇಷ್ಟ್ರು ಬೇಕಾ? ನಿಮ್ಮ ಮಗನ ಈಗಿನ ಸ್ಥಿತಿಗೆ ಬೇಡ. ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಇದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಮುಂಬೈ ಮತ್ತು ವಡೋದರದ ಮುನಿಸಿಪಲ್ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 'ಬಾಲಸಖಿ' ಅಂತ ಒಂದು ಕಾರ್ಯಕ್ರಮ ಮಾಡಿತು. ಅದೇ ಬಡಾವಣೆಯ ಯುವತಿಯರು, ಹೈಸ್ಕೂಲು ಮುಗಿಸಿದವರು, ಎರಡು ವಾರದ ತರಬೇತಿ ಅಷ್ಟೇ. ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಅವರಿಗೆ ಬಾರದಿದ್ದ ಓದು, ಕೂಡುವುದು ಕಳೆಯುವುದನ್ನೇ ಹೇಳಿಕೊಟ್ಟರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮಕ್ಕಳು ನಿಜಕ್ಕೂ ಮೇಲೆ ಬಂದಿದ್ದರು. ತೀರಾ ಹಿಂದಿದ್ದವರಿಗೆ ಹೆಚ್ಚು ಅನುಕೂಲವಾಗಿತ್ತು. ಗಮನಿಸಿ, ಅಲ್ಲೂ ಒಂದೊಂದು ಗುಂಪಿನಲ್ಲಿ ಹದಿನೈದು ಇಪ್ಪತ್ತು ಮಕ್ಕಳಿದ್ದರು. ಹಾಗಾಗಿ 22 ಅನ್ನುವ ಸಂಖ್ಯೆಯೊಂದೇ ತಪ್ಪಲ್ಲ. ಅಲ್ಲಿ ಎಲ್ಲ ಮಕ್ಕಳೂ ಒಂದೇ ಮೆಟ್ಟಿಲಲ್ಲಿದ್ದರು, ಪಾಠವೂ ಅದೇ ಮೆಟ್ಟಿಲಿನದು. ನಿಮ್ಮ ಮಗನ ಟ್ಯೂಷನ್‌ನಲ್ಲಿ ಆರು ಮೆಟ್ಟಿಲಿನ ಮಕ್ಕಳಿದ್ದಾರೆ. ಅವನಿಗೆ ಸಿಗುತ್ತಿರುವ ಪಾಠ ಎಂಟನೆಯದು, ಬಹುಶಃ ಅವನು ನಿಂತಿರುವುದು ಐದರಲ್ಲಿ.

ದೆಹಲಿಯಲ್ಲಿ 2015ರಲ್ಲಿ ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಇಂಥದ್ದೇ ಇನ್ನೊಂದು ಅಧ್ಯಯನ ನಡೆಯಿತು. ಕಂಪ್ಯೂಟರ್ ಪ್ರತಿ ಮಗುವಿನ ಮಟ್ಟ ಹಿಡಿದು ಅಲ್ಲಿಂದ ಲೆಕ್ಕ ಕೊಡುತ್ತಿತ್ತು, ಜೊತೆಗೆ ಸಣ್ಣ ಗುಂಪಿನ ಪಾಠ. ಅಲ್ಲೂ ಫಲ ಚೆನ್ನಾಗಿ ಬಂತು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಬರೀ ಶಾಲೆಗೆ ಹೋಗುತ್ತಿದ್ದ ಮಕ್ಕಳಲ್ಲಿ ತೀರಾ ಹಿಂದಿದ್ದವರು ಅಷ್ಟು ತಿಂಗಳಲ್ಲಿ ಹೆಚ್ಚೇನೂ ಮುಂದೆ ಹೋಗಿರಲಿಲ್ಲ. ದಿನಾ ಶಾಲೆಗೆ ಹೋಗಿ ಬಂದಿದ್ದರು, ಅಷ್ಟೇ.

ಕರ್ನಾಟಕದಲ್ಲೂ ಈಗ ಸರ್ಕಾರಿ ಶಾಲೆಯ ಸಣ್ಣ ಮಕ್ಕಳಿಗೆ 'ಗಣಿತ ಗಣಕ' ಎಂಬ ಕಾರ್ಯಕ್ರಮ ಇದೆ. ಶಿಕ್ಷಕರು ಮಗುವಿನ ಮನೆಗೆ ಫೋನ್ ಮಾಡಿ, ಅದರ ಮಟ್ಟಕ್ಕೆ ತಕ್ಕ ಲೆಕ್ಕ ಮಾತಿನಲ್ಲೇ ಮಾಡಿಸುತ್ತಾರೆ. ಕೊರೋನಾ ಸಮಯದಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ವಾರಕ್ಕೊಂದು ಫೋನ್ ಕರೆ, ಜೊತೆಗೆ ಮೆಸೇಜ್, ಇಷ್ಟರಿಂದಲೇ ಮಕ್ಕಳು ಲೆಕ್ಕ ಕಲಿತದ್ದನ್ನು ಅಳೆದು ತೋರಿಸಿದ್ದರು. ಸಾಧಾರಣ ಫೋನ್, ಇಪ್ಪತ್ತು ನಿಮಿಷ. ಆದರೆ ಆ ಇಪ್ಪತ್ತು ನಿಮಿಷ ಪೂರ್ತಿ ಆ ಒಂದು ಮಗುವಿನದು.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ. ಅವನ ಪುಸ್ತಕ ನಿಮಗೆ ಅರ್ಥವಾಗುವುದಿಲ್ಲ ಅಂದಿರಿ. ನಮ್ಮ ಊರುಗಳಲ್ಲಿ ಟ್ಯೂಷನ್ ಇಷ್ಟು ಬೆಳೆಯಲು ಇದು ದೊಡ್ಡ ಕಾರಣ, ಆದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಂದೆತಾಯಿ ಓದಿದ್ದು ಕನ್ನಡದಲ್ಲಿ, ಮಗು ಓದುತ್ತಿರುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಲೆಕ್ಕ ಗೊತ್ತಿದ್ದರೂ ಪ್ರಶ್ನೆ ಓದಲು ಆಗುವುದಿಲ್ಲ. ಹಾಗಾಗಿ ಟ್ಯೂಷನ್ ಮೇಷ್ಟ್ರ ಅರ್ಧ ಕೆಲಸ ತರ್ಜುಮೆ. ನನ್ನ ಹತ್ತಿರ ಒಬ್ಬಳು ಹುಡುಗಿ ಬರುತ್ತಿದ್ದಳು. ಡಿನಾಮಿನೇಟರ್ ಅನ್ನುವ ಪದವನ್ನು ನೂರು ಸಲ ಬರೆದಿದ್ದಳು, ಸ್ಪೆಲಿಂಗ್ ತಪ್ಪುತ್ತಿರಲಿಲ್ಲ. ಅದು ಏನು ಅಂದರೆ "ಕೆಳಗಿರೋ ನಂಬರ್" ಅನ್ನುತ್ತಿದ್ದಳು. ಒಂದು ಚಪಾತಿ ತರಿಸಿ, ಎಷ್ಟು ಸಮ ತುಂಡು ಮಾಡಿದೆವೋ ಅದು ಛೇದ, ಎಷ್ಟು ತುಂಡು ತಗೊಂಡೆವೋ ಅದು ಅಂಶ ಅಂದೆ. ಛೇದ ಅಂದರೆ ಕತ್ತರಿಸುವುದು ಅಲ್ವಾ ಸರ್ ಅಂತ ಅವಳೇ ಕೇಳಿದಳು. ಆ ದಿನದಿಂದ ಅವಳಿಗೆ ಆ ಇಂಗ್ಲಿಷ್ ಪದವೂ ತಿಳಿಯಿತು.

ಆದ್ದರಿಂದ ಹೇಳಿಕೊಡುವವರನ್ನು ಹುಡುಕುವಾಗ, ಕನ್ನಡದಲ್ಲಿ ಅರ್ಥ ಮಾಡಿಸಿ ಇಂಗ್ಲಿಷಿನಲ್ಲಿ ಬರೆಸುವವರು ಸಿಕ್ಕರೆ ಬಿಡಬೇಡಿ. "ನಾವು ಇಂಗ್ಲಿಷಲ್ಲೇ ಮಾತಾಡಿಸ್ತೀವಿ" ಅನ್ನುವುದು ಭಾಷೆ ಕಲಿಯಲು ಒಳ್ಳೆಯದೇ ಇರಬಹುದು. ಬುಡ ಗಟ್ಟಿಯಿಲ್ಲದ ಗಣಿತಕ್ಕೆ ಅಲ್ಲ. ನಿಮಗೂ ಇದರಿಂದ ಒಂದು ದಾರಿ ಇದೆ. ಕನ್ನಡ ಮಾಧ್ಯಮದ ಎಂಟನೇ ತರಗತಿ ಗಣಿತ ಪುಸ್ತಕ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಎರಡೂ ಭಾಷೆಯ ಪುಸ್ತಕದಲ್ಲಿ ಪಾಠ ಒಂದೇ. ಪಕ್ಕಪಕ್ಕ ಇಟ್ಟುಕೊಂಡು ಓದಬಹುದು.

ಟ್ಯೂಷನ್‌ಗೆ ಕಳಿಸಿದ್ದು ನಿಮ್ಮ ತಪ್ಪು ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2025ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 27ರಷ್ಟು ವಿದ್ಯಾರ್ಥಿಗಳು ಆ ವರ್ಷ ಟ್ಯೂಷನ್ನೋ ಕೋಚಿಂಗೋ ತೆಗೆದುಕೊಂಡಿದ್ದರು. ಪಟ್ಟಣಗಳಲ್ಲಿ ಇದು ಶೇ. 30.7, ಹಳ್ಳಿಗಳಲ್ಲಿ ಶೇ. 25.5. ಬಿಹಾರ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಂತೂ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಕ್ಕಳು ಹೋಗುತ್ತಾರೆ ಎಂದು ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ಹೇಳುತ್ತದೆ. ಇಬ್ಬರೂ ದುಡಿಯುವ ಮನೆಯಲ್ಲಿ ಸಂಜೆ ಮಗು ಒಂದು ಕಡೆ ಕೂತು ಪುಸ್ತಕ ತೆರೆಯುತ್ತದೆ ಅನ್ನುವುದೂ ಸಣ್ಣದಲ್ಲ. ಇಷ್ಟು ವರ್ಷ ಆ ಸರ್ ನಿಮ್ಮ ಮಗನನ್ನು ಮೊಬೈಲ್‌ನಿಂದ, ಬೀದಿಯಿಂದ ದೂರ ಇಟ್ಟಿದ್ದಾರೆ. ಅದಕ್ಕೆ ಅವರಿಗೆ ಕೃತಜ್ಞರಾಗಿರೋಣ. ಆದರೆ ಕೂರಿಸುವುದಕ್ಕೆ ಕೊಡುವ ಫೀಸು ಬೇರೆ, ಕಲಿಸುವುದಕ್ಕೆ ಕೊಡುವ ಫೀಸು ಬೇರೆ. ಯಾವುದಕ್ಕೆ ಕೊಡುತ್ತಿದ್ದೀರಿ ಅಂತ ನಿಮಗೆ ಗೊತ್ತಿರಬೇಕು.

ಫೌಂಡೇಶನ್ ಕೋರ್ಸ್ ಯಾಕೆ ಬೇಡ ಅಂದೆ? ಅದು ನೀಟ್, ಜೆಇಇ ಕಡೆ ನೋಡಿಕೊಂಡು ಮಾಡಿದ್ದು. ಎಂಟನೇ ಕ್ಲಾಸಿನಲ್ಲಿ ಒಂಬತ್ತು ಹತ್ತರ ಪಾಠ ಶುರು ಮಾಡುತ್ತಾರೆ. ಐದರಲ್ಲಿ ನಿಂತ ಹುಡುಗನನ್ನು ಹತ್ತಕ್ಕೆ ಎತ್ತಿ ಕೂರಿಸಿದರೆ ಅವನಿಗೆ ಸಿಗುವುದು ಸೋಲು ಮಾತ್ರ. ಇನ್ನೊಂದು ವಿಷಯ, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಸೆಂಟರ್‌ಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಗ್ಯಾರಂಟಿ ಅಂತ ಆಸೆ ಹುಟ್ಟಿಸಬಾರದು, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸು ವಾಪಸ್ ಕೊಡಬೇಕು ಎಂದು ಅದರಲ್ಲಿದೆ. ಮನೆಯಲ್ಲಿ ಹತ್ತಿಪ್ಪತ್ತು ಮಕ್ಕಳಿಗೆ ಹೇಳಿಕೊಡುವವರಿಗೆ ಇದು ಅನ್ವಯಿಸುವುದಿಲ್ಲ. ನಲವತ್ತೈದು ಸಾವಿರ ಕೇಳುವವರ ಮುಂದೆ ಮಾತ್ರ ಇದನ್ನು ನೆನಪಿಟ್ಟುಕೊಂಡು ಕೂರಿ.

ಶಾಲೆಯ ಟೀಚರ್ ಒಬ್ಬರೇ ಮನೆಯಲ್ಲಿ ಟ್ಯೂಷನ್ ಮಾಡುತ್ತಾರೆ, ಅಲ್ಲಿಗೇ ಬನ್ನಿ ಅಂತ ಯಾರಾದರೂ ಕರೆದರೆ ಅದೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತದೆ. ಅದಕ್ಕೊಂದು ನ್ಯಾಯ ಇದೆ. ಕ್ಲಾಸಿನಲ್ಲಿ ಸಿಗಬೇಕಾದ್ದಕ್ಕೆ ಸಂಜೆ ದುಡ್ಡು ಕೊಡುವ ಹಾಗಾಗಬಾರದು. ಬದಲಿಗೆ ಅದೇ ಟೀಚರನ್ನು ಶಾಲೆಯಲ್ಲೇ ಹೋಗಿ ಭೇಟಿಯಾಗಿ. ಭಾನುವಾರದ ಹಾಳೆ ತೋರಿಸಿ, "ಇವನಿಗೆ ಭಿನ್ನರಾಶಿ ಬರ್ತಿಲ್ಲ, ನಾವು ಮನೆಯಲ್ಲಿ ಅದನ್ನೇ ಮಾಡಿಸ್ತಿದ್ದೀವಿ" ಅಂತ ಹೇಳಿ. ಮಾರ್ಕ್ಸ್ ಬಗ್ಗೆ ಜಗಳವಾಡುವ ಪೋಷಕರು ದಿನಾ ಬರುತ್ತಾರೆ. ಒಂದು ಹಾಳೆ ಹಿಡಿದುಕೊಂಡು ಬಂದವರನ್ನು ನಾನಂತೂ ಮರೆತಿಲ್ಲ.

ಹಾಗಾದರೆ ಯಾರ ಹತ್ತಿರ ಕಳಿಸಬೇಕು? ನಿಮ್ಮ ಬೀದಿಯಲ್ಲೋ ಪಕ್ಕದ ಬೀದಿಯಲ್ಲೋ ಡಿಗ್ರಿ ಅಥವಾ ಬಿಎಡ್ ಓದುತ್ತಿರುವ, ಗಣಿತ ಚೆನ್ನಾಗಿ ಬರುವ ಒಬ್ಬ ಹುಡುಗಿಯೋ ಹುಡುಗನೋ ಇದ್ದರೆ ಕೇಳಿ ನೋಡಿ. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ಬರೀ ಗಣಿತ. ಒಬ್ಬನೇ ಆದರೆ ಒಳ್ಳೆಯದು, ಇದೇ ಮಟ್ಟದ ಮೂವರು ಸೇರಿದರೂ ತೊಂದರೆಯಿಲ್ಲ, ಫೀಸೂ ಹಂಚಿಹೋಗುತ್ತದೆ. ಮೊದಲ ದಿನ ಆ ಹಾಳೆಯನ್ನು ಅವರ ಕೈಗೆ ಕೊಟ್ಟು ಸುಮ್ನೆ ನೋಡುತ್ತಾ ಕೂತಿರಿ. "ಇದೆಲ್ಲ ಬೇಡ ಆಂಟಿ, ನಾನು ಸಿಲಬಸ್ ಮುಗಿಸಿಕೊಡ್ತೀನಿ" ಅಂದರೆ ಬೇರೆಯವರನ್ನು ಹುಡುಕಿ. "ಇದನ್ನ ಹೇಗೆ ಮಾಡಿದೆ ಹೇಳು" ಅಂತ ನಿಮ್ಮ ಮಗನ ಕಡೆ ತಿರುಗಿದರೆ ನಿಮಗೆ ಬೇಕಾದವರು ಅವರೇ. ಹದಿನೈದು ದಿನಕ್ಕೊಮ್ಮೆ ಇನ್ನೊಂದು ವಿಷಯ ಗಮನಿಸಿ. ಹೇಳಿಕೊಡುವ ಹೊತ್ತಿನಲ್ಲಿ ಪೆನ್ಸಿಲ್ ಯಾರ ಕೈಯಲ್ಲಿ ಜಾಸ್ತಿ ಇರುತ್ತದೆ? ಯಾರ ಮಾತು ಜಾಸ್ತಿ ಕೇಳಿಸುತ್ತದೆ? ಎರಡಕ್ಕೂ ಉತ್ತರ ನಿಮ್ಮ ಮಗ ಆಗಿರಬೇಕು.

ಉಳಿದ ಮೂರು ದಿನ ಈಗಿನ ಟ್ಯೂಷನ್‌ಗೇ ಹೋಗಲಿ, ಆ ಸರ್ ಒಪ್ಪಿದರೆ. ಸಂಬಂಧ ಕೆಡಿಸಿಕೊಳ್ಳಬೇಡಿ. ಸಮಾಜ, ಕನ್ನಡಕ್ಕೆಲ್ಲ ಬೇರೆ ಟ್ಯೂಷನ್ ಬೇಕೇ ಇಲ್ಲ, ಮನೆಯಲ್ಲಿ ಓದಿದರೆ ಸಾಕು.

ಹೋಂವರ್ಕ್ ಎಲ್ಲ ಟ್ಯೂಷನ್‌ನಲ್ಲೇ ಮುಗಿಯುತ್ತದೆ ಅಂದಿರಲ್ಲ, ಇನ್ನು ಮೇಲೆ ಸ್ವಲ್ಪ ಮನೆಗೆ ಬರಲಿ. ಮಗು ತಾನೇ ಕೂತು ನೆನಪು ಮಾಡಿಕೊಳ್ಳುವ ಹೊತ್ತು ಅವನ ದಿನದಲ್ಲಿ ಈಗ ಇಲ್ಲವೇ ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ಒಂದು ಗುಂಪು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ ನೆನಪಾದದ್ದನ್ನು ಮೂರು ಸಲ ಬರೆಯಿತು. ವಾರದ ನಂತರ ಮೊದಲನೆಯವರಿಗೆ ಶೇ. 40ರಷ್ಟು ನೆನಪಿತ್ತು, ಎರಡನೆಯವರಿಗೆ ಶೇ. 61. ನೋಡಿ ಬರೆಯುವುದು, ಮತ್ತೆ ಓದುವುದು ಕಲಿತ ಹಾಗೆ ಅನ್ನಿಸುತ್ತದೆ, ಆದರೆ ಉಳಿಯುವುದು ಕಷ್ಟಪಟ್ಟು ನೆನಪು ಮಾಡಿಕೊಂಡದ್ದು.

ಇದಕ್ಕೆ ನಿಮಗೆ ಗಣಿತ ಬರಬೇಕಾಗಿಲ್ಲ. ರಾತ್ರಿ ನೀವು ಮೆಷಿನ್ ಮುಂದೆ ಕೂತಿರುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇವತ್ತು ಕಲಿತ ಒಂದು ಲೆಕ್ಕವನ್ನು ಪುಸ್ತಕ ಮುಚ್ಚಿ ನಿಮಗೆ ಕನ್ನಡದಲ್ಲಿ ಹೇಳಿಕೊಡಲಿ. ನಿಮಗೆ ಅರ್ಥವಾಗದ ಕಡೆ "ಅದ್ಯಾಕಪ್ಪ ಹಾಗೆ?" ಅಂತ ನಿಜವಾಗಿಯೇ ಕೇಳಿ. ಅವನು ತಡವರಿಸಿದರೆ ಆ ಜಾಗಕ್ಕೆ ಒಂದು ಗುರುತು ಹಾಕಿ, ಮಾರನೇ ದಿನ ಹೇಳಿಕೊಡುವವರಿಗೆ ತೋರಿಸಲಿ. ಹದಿನೈದು ನಿಮಿಷ ಸಾಕು. ಬ್ಲೌಸಿಗೆ ಬಟ್ಟೆ ಕತ್ತರಿಸುವಾಗ ನೀವು ಹಾಕುವ ಅಳತೆಯ ಲೆಕ್ಕವನ್ನೂ ಅವನ ಕೈಲಿ ಮಾಡಿಸಿ. ಒಂದೂಕಾಲು ಮೀಟರಿನಲ್ಲಿ ಮುಕ್ಕಾಲು ಹೋದರೆ ಎಷ್ಟು ಉಳಿಯಿತು ಅಂತ ಬಟ್ಟೆ ಮುಂದಿಟ್ಟುಕೊಂಡು ಹೇಳಿದ ಹುಡುಗ ಹಾಳೆಯ ಮೇಲೂ ಹೇಳುತ್ತಾನೆ.

ಮಾರ್ಕ್ಸ್ ಕೂಡಲೇ ಏರುವುದಿಲ್ಲ, ಮುಂದಿನ ಟೆಸ್ಟಿನಲ್ಲಿ ಒಂದೆರಡು ಕಡಿಮೆ ಬಂದರೂ ಬರಬಹುದು. ಯಾಕೆಂದರೆ ಅವನು ಐದನೇ ಕ್ಲಾಸಿನದನ್ನು ಸರಿಮಾಡಿಕೊಳ್ಳುತ್ತಿರುತ್ತಾನೆ, ಟೆಸ್ಟು ಎಂಟನೆಯದು. ಆ ಹೊತ್ತಿನಲ್ಲಿ ಬೈಯಬೇಡಿ, ಟ್ಯೂಷನ್ನೂ ಬದಲಿಸಬೇಡಿ. ಎಂಟು ವಾರವಾದ ಮೇಲೆ ಮತ್ತೊಂದು ಭಾನುವಾರ, ಅದೇ ಥರದ ಹತ್ತು ಲೆಕ್ಕ, ಅಂಕಿ ಮಾತ್ರ ಬೇರೆ. ಹಳೆಯ ಹಾಳೆ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಸರಿ ಇದ್ದದ್ದು ಏಳಾಗಿದ್ದರೆ ಸರಿಯಾದ ಕಡೆ ಹೋಗುತ್ತಿದ್ದೀರಿ. ಒಂಬತ್ತಾದ ಮೇಲೆ ಮೂರು ದಿನವನ್ನು ಎರಡು ಮಾಡಿ, ಆಮೇಲೆ ಒಂದು. ಏನೂ ಬದಲಾಗದಿದ್ದರೆ ಎರಡೂ ಹಾಳೆಯನ್ನು ನನಗೆ ಕಳಿಸಿ, ಒಟ್ಟಿಗೆ ಕೂತು ನೋಡೋಣ. ಒಂದೇ ಕೇಳಿಕೆ, ಅವನಿಗೆ ರಬ್ಬರ್ ಕೊಡಬೇಡಿ. ತಪ್ಪಾದದ್ದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ನನಗೆ ಓದಬೇಕಾಗಿರುವುದು ಗೆರೆ ಎಳೆದಿರುವ ಆ ಲೆಕ್ಕಗಳನ್ನೇ.